ಕಂಪ್ಲಿ ರಸ್ತೆಯ ದೀಪಸ್ತಂಭ

ಬಳ್ಳಾರಿ ಸೀಮೆಯ ಮಕ್ಕಳಿಗೆ ಹಂಪೆ ಮೊದಲು ಪರಿಚಯವಾಗುವುದು ಇತಿಹಾಸದ ಪಾಠದಿಂದಲ್ಲ, ಜಾತ್ರೆಯಿಂದ. ಚೈತ್ರದಲ್ಲಿ ವಿರೂಪಾಕ್ಷನ ತೇರು, ಚಳಿಗಾಲದಲ್ಲಿ ಪಂಪಾಂಬಿಕೆಯ ನಿಶ್ಚಿತಾರ್ಥವಾದ ಫಲಪೂಜೆ, ಹೊಳೆಯ ಸ್ನಾನ, ಕಲ್ಲುಮಂಟಪದ ನೆರಳಿನಲ್ಲಿ ಬಿಚ್ಚಿದ ಬುತ್ತಿಗಂಟು ಇವೇ ಅವರ ಮೊದಲ ಹಂಪೆ. ಸಾಮ್ರಾಜ್ಯ, ರಾಜಧಾನಿ, 1565ರ ರಕ್ಕಸತಂಗಡಿ ಯುದ್ಧ, 1986ರಲ್ಲಿ ಬಂದ ವಿಶ್ವ ಪರಂಪರೆಯ ಪಟ್ಟ, ಇವೆಲ್ಲ ತರುವಾಯ ಸೇರಿಕೊಳ್ಳುವ ಮಾತುಗಳು. ಹೀಗೆ ಬಾಲ್ಯದಲ್ಲಿ ಹಂಪೆಯನ್ನು ಕಂಡವರು ನಡುವಯಸ್ಸು ದಾಟಿದ ಮೇಲೆ ಮರಳಿ ಬಂದರೆ ಅವರಿಗೆ ಎರಡು ಹಂಪೆಗಳು ಎದುರಾಗುತ್ತವೆ. ಒಂದು ನೆನಪಿನಲ್ಲಿ ಉಳಿದಿರುವುದು, ಇನ್ನೊಂದು ಕಣ್ಣೆದುರಿಗೆ ಇರುವುದು. ಇವೆರಡಕ್ಕೂ ಪೂರ್ತಿ ಹೊಂದಿಕೊಳ್ಳದ ಮೂರನೆಯ ಹಂಪೆಯೊಂದಿದೆ. ಅದು ಶಾಸನಗಳಲ್ಲಿ ಬರೆದಿಟ್ಟಿರುವ ಹಂಪೆ. ಮಕ್ಕಳು ಅದನ್ನು ಓದಲಾರರು. ದೊಡ್ಡವರಾಗಿ ಮರಳಿ ಬಂದವರು ಮನಸ್ಸು ಮಾಡಿದರೆ ಓದಬಲ್ಲರು.

ಹಾಗೆ ಮರಳಿ ಬಂದವರಲ್ಲಿ ಕಂಪ್ಲಿಯ ಒಂದು ಶ್ರಾವಕ ಮನೆತನದ ಹಿರಿಯರೊಬ್ಬರೂ ಇದ್ದರು. ಅವರ ತಾತ ಕಂಪ್ಲಿಯಲ್ಲಿ ಬೆಲ್ಲದ ವ್ಯಾಪಾರಿ. ಹೊಳೆದಂಡೆಯ ಕಬ್ಬಿನ ಗದ್ದೆಗಳ ಆಲೆಮನೆಗಳಿಂದ ಬೆಲ್ಲವನ್ನು ಕೊಂಡು ಹೊಸಪೇಟೆಯ ಪೇಟೆಗೆ ಸಾಗಿಸುತ್ತಿದ್ದರು. ತಂದೆಯ ನೌಕರಿ ಪುಣೆಗೆ ವರ್ಗವಾದಾಗ ಹುಡುಗನಿಗೆ ಹನ್ನೆರಡು ವರ್ಷ. ಮುಂದೆ ಓದು, ಬ್ಯಾಂಕಿನ ಉದ್ಯೋಗ, ಸಂಸಾರ ಎಲ್ಲವೂ ಅಲ್ಲಿಯೇ ಆಯಿತು. ಕಂಪ್ಲಿಯಲ್ಲಿ ಉಳಿದವರು ಸೋದರತ್ತೆ ಒಬ್ಬರೇ. ನಿವೃತ್ತಿ ಹತ್ತಿರವಾದ ವರ್ಷಗಳಲ್ಲಿ ಶಾಸನ ಸಂಪುಟಗಳನ್ನು ಓದುವ ಹವ್ಯಾಸ ಅವರಿಗೆ ಅಂಟಿಕೊಂಡಿತು. ಕಾಲೇಜಿನಲ್ಲಿ ಓದುವ ಮಗಳನ್ನು ಕರೆದುಕೊಂಡು, ನಲವತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ಅವರು ಹೊಸಪೇಟೆಯಲ್ಲಿ ರೈಲು ಇಳಿದರು.

ಬಾಲ್ಯದ ಹಂಪೆಯ ವಿಷಯವಾಗಿ ಅವರಲ್ಲಿ ಎರಡು ನೆನಪುಗಳು ಗಟ್ಟಿಯಾಗಿದ್ದವು. ಮೊದಲನೆಯದು ತಾತನದು. ಹಂಪೆಗೆ ಹೋದಾಗಲೆಲ್ಲ ತಾತ ವಿರೂಪಾಕ್ಷ ದೇವಾಲಯದ ದಕ್ಷಿಣಕ್ಕಿರುವ ಹೇಮಕೂಟದ ಬಂಡೆಯನ್ನು ಏರುತ್ತಿದ್ದರು. ಅಲ್ಲಿರುವ ಮೆಟ್ಟಿಲು ಶಿಖರದ ಪುಟ್ಟ ಗುಡಿಗಳ ಮುಂದೆ ಚಪ್ಪಲಿ ಕಳಚಿ, ಟೋಪಿ ತೆಗೆದು, ಣಮೋಕಾರ ಮಂತ್ರವನ್ನು ಹೇಳಿ ಕೈ ಮುಗಿಯುತ್ತಿದ್ದರು. ‘ಇವು ನಮ್ಮವರ ಬಸದಿಗಳು, ಸ್ವಾಮಿ ಇಲ್ಲದಿದ್ದರೂ ಸ್ಥಳ ಇದೆ’ ಎಂದು ಮೊಮ್ಮಕ್ಕಳಿಗೆ ಹೇಳುತ್ತಿದ್ದರು. ಎರಡನೆಯ ನೆನಪು ಬಸ್ಸಿನದು. ಕಂಪ್ಲಿಯಿಂದ ಬುಕ್ಕಸಾಗರದ ಮೇಲೆ ಕಮಲಾಪುರಕ್ಕೆ ಬರುವ ರಸ್ತೆಯ ಪಕ್ಕದಲ್ಲಿ, ಭೀಮನ ಬಾಗಿಲಿನ ಹತ್ತಿರ, ಒಂಟಿಯಾಗಿ ನಿಂತ ಗುಡಿಯೊಂದಿತ್ತು. ಅದರ ಮುಂದೆ ಎತ್ತರವಾದ ಕಂಬ. ಅದು ‘ಗಾಣಗಿತ್ತಿ ಗುಡಿ’. ಅದು ಕಾಣಿಸಿದರೆ ಕಮಲಾಪುರ ಬಂತೆಂದು ಅರ್ಥ. ಸೀಟಿನ ಕೆಳಗಿನ ಚೀಲಗಳನ್ನು ಎಳೆದುಕೊಳ್ಳಬೇಕು. ಅಲ್ಲಿ ಯಾರೂ ಇಳಿಯುತ್ತಿರಲಿಲ್ಲ. ತಾತನೂ ಇಳಿದವರಲ್ಲ.

ಹೊಸಪೇಟೆ ಅವರಿಗೆ ಗುರುತು ಸಿಗದಷ್ಟು ಬೆಳೆದಿತ್ತು. ಕೃಷ್ಣದೇವರಾಯನ ಕಾಲದಲ್ಲಿ ನಾಗಲಾಪುರವೆಂಬ ಹೆಸರಿನಲ್ಲಿ ಹುಟ್ಟಿದ ಊರು ಇಂದು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಕೇಂದ್ರ. ಊರಿನಿಂದ ಹಂಪೆಯ ದಾರಿಗೆ ಹೊರಳಿದರೆ ಅನಂತಶಯನಗುಡಿ. 1524ರಲ್ಲಿ ಕೃಷ್ಣದೇವರಾಯ ಕಟ್ಟಿಸಿದ ಆ ದೇವಾಲಯದ ಎತ್ತರದ ಇಟ್ಟಿಗೆ ಶಿಖರ ಮಾತ್ರ ಹಾಗೆಯೇ ಇತ್ತು. ದಾರಿಯುದ್ದಕ್ಕೂ ಬಾಳೆ, ಬತ್ತ, ಕಾಲುವೆಯ ನೀರು. ವಿಜಯನಗರದ ಅರಸರು ತೋಡಿಸಿದ ತುರ್ತು ಕಾಲುವೆ, ಬಸವಣ್ಣ ಕಾಲುವೆ, ರಾಯ ಕಾಲುವೆಗಳಲ್ಲಿ ಈಗಲೂ ನೀರು ಹರಿಯುತ್ತದೆ. ಅರಮನೆಗಳ ಅಡಿಪಾಯ ಮಾತ್ರ ಉಳಿದಿರುವ ರಾಜಧಾನಿಯಲ್ಲಿ ಅಂದಿನ ಕೆಲಸವನ್ನು ಇಂದಿಗೂ ನಿಲ್ಲಿಸದಿರುವುದು ಈ ಕಾಲುವೆಗಳು ಮತ್ತು ವಿರೂಪಾಕ್ಷನ ಪೂಜೆ, ಇವೆರಡೇ ಎನ್ನಬಹುದು.

ವಿಠ್ಠಲ ದೇವಾಲಯದ ಕಲ್ಲಿನ ತೇರನ್ನು ಕಂಡೊಡನೆ ಮಗಳು ತನ್ನ ಚೀಲದಿಂದ ಐವತ್ತು ರೂಪಾಯಿಯ ನೋಟು ತೆಗೆದು ಹಿಡಿದಳು. 2017ರಿಂದ ಆ ನೋಟಿನ ಬೆನ್ನಿನಲ್ಲಿ ಈ ತೇರೇ ಇದೆ. ‘ಚಿತ್ರಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ ಅಪ್ಪ, ಇದು ಹೀಗೆಯೇ ಇತ್ತಲ್ಲವೇ?’ ಎಂದು ಕೇಳಿದಳು. ಇರಲಿಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್ಲಾ ಎಂಬ ಸೇನಾಧಿಕಾರಿ ಮೇಣಕಾಗದದ ನೆಗೆಟಿವ್‌ಗಳ ಮೇಲೆ ಹಂಪೆಯ ಛಾಯಾಚಿತ್ರಗಳನ್ನು ತೆಗೆದನು. ಅವುಗಳಲ್ಲಿ ಈ ತೇರಿನ ಮೇಲೆ ಇಟ್ಟಿಗೆಯ ಶಿಖರವೊಂದು ಸ್ಪಷ್ಟವಾಗಿದೆ. ಆ ಶಿಖರವನ್ನು ಮುಂದೆ ತೆಗೆದುಹಾಕಲಾಯಿತು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಗ್ರೀನ್ಲಾ ನಿಂತಿದ್ದ ನೆಲೆಗಳನ್ನೇ ಹುಡುಕಿ ನಿಂತು ಅದೇ ನೋಟಗಳನ್ನು ಮತ್ತೆ ಸೆರೆಹಿಡಿದರು. ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ, ‘ಪಾಳು’ ಎಂಬುದು ಒಂದು ಯುದ್ಧದಲ್ಲಿ ಆಗಿ ಮುಗಿದ ಸಂಗತಿಯಲ್ಲ, ಪ್ರತಿಯೊಂದು ತಲೆಮಾರೂ ತನ್ನ ಕಾಲದ ಪಾಳನ್ನು ನೋಡುತ್ತದೆ ಎಂಬುದು ತಿಳಿಯುತ್ತದೆ. ತಾತ, ಮಗ, ಮೊಮ್ಮಗಳು ಈ ಮೂವರೂ ಕಂಡದ್ದು ಶಿಖರವಿಲ್ಲದ ತೇರು. ಅದೇ ಮೂಲರೂಪವೆಂದು ಮೂವರ ಮನಸ್ಸಿನಲ್ಲೂ ನಿಂತುಬಿಟ್ಟಿತ್ತು.

ಅವರನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ವಿರೂಪಾಕ್ಷ ಬಜಾರು. ಗೋಪುರದಿಂದ ಪೂರ್ವಕ್ಕೆ, ಎದುರು ಬಸವಣ್ಣನವರೆಗೆ, ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದದ ರಥಬೀದಿ ಅದು. ಎರಡೂ ಬದಿಗೆ ಸಾಲುಮಂಟಪಗಳು. ಅವರ ಬಾಲ್ಯದಲ್ಲಿ ಆ ಮಂಟಪಗಳ ಒಳಗೆಲ್ಲ ಜನರಿದ್ದರು. ಒಂದರಲ್ಲಿ ಚಹಾದಂಗಡಿ, ಇನ್ನೊಂದರಲ್ಲಿ ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿ, ಮತ್ತೊಂದರಲ್ಲಿ ಕುಂಕುಮ, ಬಳೆ, ಪಟಗಳು. ಕಂಬಗಳ ನಡುವೆ ಗೋಡೆ ಎಬ್ಬಿಸಿ, ಸುಣ್ಣ ಬಳಿದು, ಬಾಗಿಲಿಟ್ಟು ಬದುಕುತ್ತಿದ್ದ ಸಂಸಾರಗಳಿದ್ದವು. ಮಳೆ ಬಂದಾಗ ಪರಿಚಯವಿಲ್ಲದ ಒಬ್ಬ ಮುದುಕಿ ಎಂಟು ಜನ ಮಕ್ಕಳನ್ನು ತನ್ನ ಮಂಟಪದೊಳಗೆ ಕರೆದು ಕೂರಿಸಿಕೊಂಡದ್ದು ಅವರಿಗೆ ಚೆನ್ನಾಗಿ ನೆನಪಿತ್ತು. 2011ರ ಜುಲೈ ಕೊನೆಯಲ್ಲಿ ಈ ಮನೆ ಮತ್ತು ಅಂಗಡಿಗಳನ್ನು ಕೆಡವಲಾಯಿತು. ತರುವಾಯ ನೆಲೆ ಕಳೆದುಕೊಂಡ ಕುಟುಂಬಗಳಿಗೆ ಕಡ್ಡಿರಾಂಪುರದ ಬಳಿ ನಿವೇಶನ ತೋರಿಸಲಾಯಿತು. ಈಗ ಮಂಟಪಗಳು ಬರಿದಾಗಿವೆ. ಕಂಬಗಳ ನಡುವೆ ಗಾಳಿ ಆಡುತ್ತದೆ. ಛಾಯಾಚಿತ್ರಕ್ಕೆ ಬೀದಿ ಬಹಳ ಅಚ್ಚುಕಟ್ಟಾಗಿ ಒದಗುತ್ತದೆ.

ಇದರಲ್ಲಿ ತಕರಾರಿಗೆ ಎಡೆಯಿಲ್ಲದ ಒಂದು ಮಾತಿದೆ. ಐನೂರು ವರ್ಷಗಳ ಕಂಬಕ್ಕೆ ಸಿಮೆಂಟು ಮೆತ್ತುವುದು, ಅದರ ತಲೆಯ ಮೇಲೆ ಹೊಸ ಅಂತಸ್ತು ಎಬ್ಬಿಸುವುದು ಸ್ಮಾರಕಕ್ಕೆ ಹಾನಿ ಮಾಡುತ್ತದೆ. ಅದನ್ನು ತಡೆಯಬೇಕಾದುದೇ. ಆದರೆ ಈ ಬೀದಿ ಎಂದಾದರೂ ಬರಿದಾಗಿತ್ತೇ ಎಂಬುದು ಬೇರೆಯ ಪ್ರಶ್ನೆ. ಸುಮಾರು 1520ರಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯಸ್ ದೇವಾಲಯದ ಎದುರಿನ ಬೀದಿಯನ್ನು ವರ್ಣಿಸುವಾಗ, ಸಾಲುಮನೆಗಳನ್ನೂ ಯಾತ್ರಿಕರು ತಂಗುವ ಮೊಗಸಾಲೆಗಳನ್ನೂ ಹೇಳುತ್ತಾನೆ. ಬರಿದಾದ ಬೀದಿಯೇ ವಿಜಯನಗರದ ನಿಜರೂಪವೆಂದು ಮಗಳು ತಿಳಿದುಕೊಂಡರೆ, ಅದು ಶಿಖರವಿಲ್ಲದ ತೇರನ್ನು ಮೂಲರೂಪವೆಂದು ಭಾವಿಸಿದಂತೆಯೇ ಆಗುತ್ತದೆ. ಅವರು ಮಂಟಪದ ಮೆಟ್ಟಿಲಿನ ಮೇಲೆ ಕುಳಿತು ಮುದುಕಿಯ ಸಂಗತಿಯನ್ನು ಮಗಳಿಗೆ ಹೇಳಿದರು. ‘ಆ ಮಂಟಪ ಯಾವುದು ಅಪ್ಪ?’ ಎಂದಳು ಅವಳು. ಅವರು ಸಾಲನ್ನು ಎರಡು ಬಾರಿ ನೋಡಿದರು. ಗೋಡೆ, ಬಾಗಿಲು, ಸುಣ್ಣ ಹೋದ ಮೇಲೆ ಎಲ್ಲ ಮಂಟಪಗಳೂ ಒಂದೇ ರೀತಿ ಕಾಣುತ್ತಿದ್ದವು.

ಅಲ್ಲಿಂದ ಹೇಮಕೂಟಕ್ಕೆ ಹತ್ತಿದರು. ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಕದಂಬನಾಗರ ಶಿಖರಗಳು, ಮೂರು ಗರ್ಭಗೃಹಗಳ ತ್ರಿಕೂಟ ವಿನ್ಯಾಸ, ಅಲಂಕಾರವಿಲ್ಲದ ಗೋಡೆಗಳು, ಎಲ್ಲವೂ ತಾತ ತೋರಿಸಿದಂತೆಯೇ ಇದ್ದವು. ಈ ಗುಡಿಗಳನ್ನು ಜೈನಬಸದಿಗಳೆಂದು ಕರೆಯುವ ರೂಢಿ ಹಳೆಯದು. ತಾತ ಅದನ್ನು ಹೊಸದಾಗಿ ಹುಟ್ಟಿಸಿದವರಲ್ಲ. ಇಂಥ ಶಿಖರವನ್ನು ಬಸದಿಗಳಲ್ಲಿ ಕಂಡಿದ್ದವರು ಇಲ್ಲಿಯೂ ಅದೇ ಹೆಸರನ್ನು ಹೇಳಿದರು. ಮಾರ್ಗದರ್ಶಿಗಳ ಬಾಯಲ್ಲಿ ಅದು ಬಹುಕಾಲ ಉಳಿಯಿತು. ಆದರೆ ಇಲ್ಲಿಯ ಶಾಸನ ಬೇರೆ ಮಾತನ್ನು ಹೇಳುತ್ತದೆ. ಮುಮ್ಮಡಿ ಸಿಂಗೆಯ ನಾಯಕನ ಮಗನಾದ ವೀರ ಕಂಪಿಲದೇವನು ತನ್ನ ಹಿರಿಯರ ಸ್ಮರಣೆಗಾಗಿ ಇಲ್ಲಿ ಶಿವಾಲಯವನ್ನು ಕಟ್ಟಿಸಿ ಮೂರು ಲಿಂಗಗಳನ್ನು ಪ್ರತಿಷ್ಠಾಪಿಸಿದನೆಂಬುದು ಅದರ ಸಾರ. ಮೂರು ಗರ್ಭಗೃಹಗಳ ಗುಟ್ಟು ಅದೇ. ಇದು ವಿಜಯನಗರ ಹುಟ್ಟುವುದಕ್ಕಿಂತ ಹಿಂದಿನ ಮಾತು. ಕಂಪಿಲದೇವನು ಕುಮಾರರಾಮನ ತಂದೆ. 1327ರಲ್ಲಿ ಮಹಮ್ಮದ್ ಬಿನ್ ತುಘಲಕನ ಸೈನ್ಯದೊಡನೆ ಹೋರಾಡಿ ಅವನ ರಾಜ್ಯ ಅಳಿಯಿತು. ಅವನ ಹೆಸರನ್ನು ನೆನಪಿಸುವ ಊರೇ ಕಂಪ್ಲಿ.

ತಾತ ಕೈಮುಗಿದ ಗುಡಿ ಜಿನಾಲಯವಲ್ಲ, ತಮ್ಮದೇ ಊರಿನ ಅರಸ ತಂದೆತಾಯಿಯರ ನೆನಪಿಗೆ ಕಟ್ಟಿಸಿದ ಶಿವಾಲಯ. ಈ ವಿಷಯವನ್ನು ಅವರು ಪುಸ್ತಕದಲ್ಲಿ ಮೊದಲೇ ಓದಿದ್ದರು. ಬಂಡೆಯ ಮೇಲೆ ನಿಂತಾಗ ಮಾತ್ರ ಅದು ಕೊಂಚ ಭಾರವಾಯಿತು. ತಮ್ಮ ಸಮುದಾಯದ ಕುರುಹುಗಳು ಕಡಿಮೆಯಾಗುತ್ತ ಬಂದ ಸೀಮೆಯಲ್ಲಿ, ಇರುವುದೆಂದು ನಂಬಿದ್ದನ್ನು ಬಿಟ್ಟುಕೊಡುವುದು ಸುಲಭವಲ್ಲ. ಕಂಡದ್ದನ್ನೆಲ್ಲ ತಮ್ಮದೆಂದು ಹೇಳಿಕೊಳ್ಳುವ ಆಸೆ ಎಲ್ಲ ಸಮುದಾಯಗಳಲ್ಲಿಯೂ ಇದೆ. ಆದರೆ ಸತ್ಯವ್ರತವನ್ನು ಅಣುವ್ರತಗಳಲ್ಲಿ ಎಣಿಸುವ ಧರ್ಮದವರು, ತಮಗೆ ಲಾಭವಾಗುವ ಕಡೆಯಲ್ಲಿ ಆ ವ್ರತವನ್ನು ಸಡಿಲಿಸುವುದು ಸಲ್ಲದು. ಶಾಸನ ಶಿವಾಲಯವೆಂದರೆ ಅದು ಶಿವಾಲಯ.

ಹಾಗೆಂದು ಹಂಪೆಯಲ್ಲಿ ಜೈನರ ಪಾಲು ಇಲ್ಲವೆಂದಲ್ಲ. 1368ರ ಶ್ರವಣಬೆಳಗೊಳದ ಪ್ರಸಿದ್ಧ ಶಾಸನದಲ್ಲಿ, ಜೈನರಿಗೂ ಶ್ರೀವೈಷ್ಣವರಿಗೂ ಹುಟ್ಟಿದ ವಿವಾದವನ್ನು ಬುಕ್ಕರಾಯನು ಬಗೆಹರಿಸಿದ ವಿವರವಿದೆ. ಅವನು ಜೈನರ ಕೈಗಳನ್ನು ಹಿಡಿದು ವೈಷ್ಣವರ ಕೈಗಳಲ್ಲಿ ಇರಿಸಿದನು. ರಾಯನಲ್ಲಿಗೆ ದೂರು ಒಯ್ದ ಭವ್ಯಜನರ ಊರುಗಳನ್ನು ಎಣಿಸುವಾಗ ಆ ಶಾಸನ ಆನೆಗೊಂದಿಯ ಹೆಸರನ್ನೂ ಹೇಳುತ್ತದೆ. ಅಂದರೆ ಹಂಪೆಯ ಎದುರುದಂಡೆಯ ಆನೆಗೊಂದಿಯಲ್ಲಿ, ದೂರು ಹೇಳಿಕೊಳ್ಳುವಷ್ಟು ಮತ್ತು ನ್ಯಾಯ ಪಡೆಯುವಷ್ಟು ನೆಲೆಯೂರಿದ ಜೈನಸಮುದಾಯವಿತ್ತು. ಅವರ ಕಾಲದ ಗುಡಿಗಳಲ್ಲಿ ಒಂದು ಇಂದಿಗೂ ಇಡಿಯಾಗಿ ನಿಂತಿದೆ. ಅದು ಹೇಮಕೂಟದ ಮೇಲಿಲ್ಲ, ಕಂಪ್ಲಿ ರಸ್ತೆಯಲ್ಲಿದೆ.

ಬಾಲ್ಯದಲ್ಲಿ ನೂರು ಸಲ ಹಾದುಹೋದ ಗಾಣಗಿತ್ತಿ ಗುಡಿಯ ಮುಂದೆ ಅವರು ಮೊದಲ ಸಲ ಇಳಿದರು. ಗುಡಿ ಸರಳವಾದದ್ದು. ದಪ್ಪ ಕಂಬಗಳ ಮಂಟಪ, ಮೇಲೆ ಮೆಟ್ಟಿಲು ಶಿಖರ, ಬರಿದಾದ ಗರ್ಭಗೃಹ. ಮುಂದಿನ ಎತ್ತರದ ಕಂಬವು ದೀಪಸ್ತಂಭ. ಅದರ ಮೇಲೆ ಸಂಸ್ಕೃತ ಶ್ಲೋಕಗಳಲ್ಲಿ ದೀರ್ಘವಾದ ಶಾಸನವಿದೆ. ಕಾಲ ಶಕ 1307, ಅಂದರೆ ಕ್ರಿ.ಶ. 1385-86. ಎರಡನೆಯ ಹರಿಹರನ ಆಳ್ವಿಕೆಯಲ್ಲಿ, ದಂಡನಾಯಕ ಚೈಚನ ಮಗನಾದ ಇರುಗಪ್ಪ ದಂಡನಾಯಕನು ವಿಜಯನಗರದಲ್ಲಿ ಕುಂಥು ಜಿನನಾಥನ ಚೈತ್ಯಾಲಯವನ್ನು ಕಲ್ಲಿನಲ್ಲಿ ಕಟ್ಟಿಸಿದನೆಂದು ಅದು ತಿಳಿಸುತ್ತದೆ. ಮೂಲಸಂಘ, ಬಲಾತ್ಕಾರಗಣ, ಸಾರಸ್ವತಗಚ್ಛದ ಗುರುಪರಂಪರೆಯನ್ನು ಹೇಳುತ್ತ ಸಿಂಹನಂದಿ ಮುನಿಗಳನ್ನು ಸ್ಮರಿಸುತ್ತದೆ. ಕರ್ಣಾಟದೇಶ, ಕುಂತಳ ಸೀಮೆ, ಅದರೊಳಗೆ ವಿಜಯವೆಂಬ ನಗರ ಎಂದು ಊರಿನ ನೆಲೆಯನ್ನೂ ಹೇಳುತ್ತದೆ. ಹುಲ್ಟ್ಷ್ ಎಂಬ ಜರ್ಮನ್ ವಿದ್ವಾಂಸರು 1890ರಲ್ಲಿ ಇದರ ಪಾಠವನ್ನು ದಕ್ಷಿಣ ಭಾರತದ ಶಾಸನಗಳ ಮೊದಲ ಸಂಪುಟದಲ್ಲಿ ಪ್ರಕಟಿಸಿದರು.

ಇರುಗಪ್ಪನು ಕೇವಲ ದಂಡನಾಯಕನಲ್ಲ. ‘ನಾನಾರ್ಥರತ್ನಮಾಲಾ’ ಎಂಬ ಸಂಸ್ಕೃತ ನಿಘಂಟಿನ ಕರ್ತೃ. ಒಂದೇ ಶಬ್ದಕ್ಕೆ ಇರುವ ಹಲವು ಅರ್ಥಗಳನ್ನು ಸಂಗ್ರಹಿಸಿಕೊಟ್ಟ ಗ್ರಂಥವದು. ಕಂಚಿಯ ಬಳಿಯ ತಿರುಪ್ಪರುತ್ತಿಕುಂಡ್ರಂ ಜಿನಾಲಯಕ್ಕೆ ದತ್ತಿ ಬಿಟ್ಟು ಮಂಟಪ ಕಟ್ಟಿಸಿದವನೂ ಅವನೇ. ಶಬ್ದಗಳ ಅರ್ಥವನ್ನು ಅಷ್ಟು ಆಸ್ಥೆಯಿಂದ ಕಾಪಾಡಿದ ಪುರುಷನ ಚೈತ್ಯಾಲಯಕ್ಕೆ ಅವನ ಹೆಸರೂ ಉಳಿಯಲಿಲ್ಲ, ತೀರ್ಥಂಕರರ ಹೆಸರೂ ಉಳಿಯಲಿಲ್ಲ. ಉಳಿದದ್ದು ಎಣ್ಣೆ ಗಾಣದ ಹೆಣ್ಣುಮಗಳೊಬ್ಬಳ ಹೆಸರು. ಶಾಸನದಲ್ಲಿ ಅವಳಿಲ್ಲ, ಜನರ ಬಾಯಲ್ಲಿ ಇರುಗಪ್ಪನಿಲ್ಲ.

ಇದನ್ನು ಅವಮಾನವೆಂದು ಭಾವಿಸುವವರೂ ಇದ್ದಾರೆ. ಅಂಥವರು ‘ಗಾಣಗಿತ್ತಿ’ ಎಂಬ ಹೆಸರನ್ನು ಅಳಿಸಿ ‘ಕುಂಥುನಾಥ ಬಸದಿ’ ಎಂದಷ್ಟೇ ಬರೆಯಬೇಕೆನ್ನುತ್ತಾರೆ. ಅವರು ಕಂಬದ ಮುಂದೆ ನಿಂತು ಯೋಚಿಸಿದ್ದು ಬೇರೆ ರೀತಿಯಲ್ಲಿ. ನಗರ ಹಾಳಾಗಿ, ಪೂಜೆ ನಿಂತು, ಓದುವವರು ಇಲ್ಲವಾದ ಶತಮಾನಗಳಲ್ಲಿ ಈ ಗುಡಿಯನ್ನು ಜನ ಒಂದು ಹೆಸರಿಟ್ಟು ಕರೆಯುತ್ತ ಬಂದರು. ಕಂಬದ ಬರಹ ಯಾರಿಗೂ ತಿಳಿಯದಿದ್ದಾಗ ಗುಡಿಯನ್ನು ದಾರಿಯ ಗುರುತಾಗಿಯಾದರೂ ಉಳಿಸಿದ್ದು ಆ ಹೆಸರೇ. ಕಟ್ಟಿಸಿದವನ ಸಾಕ್ಷ್ಯ ಕಲ್ಲಿನಲ್ಲಿದೆ, ಅದರ ನೆರೆಯಲ್ಲಿ ಬದುಕಿದವರ ಸಾಕ್ಷ್ಯ ಹೆಸರಿನಲ್ಲಿದೆ. ಒಂದು ವಸ್ತುವನ್ನು ಒಂದೇ ನೋಟದಿಂದ ಪೂರ್ಣವಾಗಿ ಹೇಳಲಾಗದೆಂಬ ಅನೇಕಾಂತದ ಪಾಠ ಇಲ್ಲಿಗೂ ಸಲ್ಲುತ್ತದೆ. ಆದರೆ ಅನೇಕಾಂತವೆಂದರೆ ಎಲ್ಲ ಮಾತೂ ಸರಿಯೆಂದಲ್ಲ. ಹೇಮಕೂಟದ ಶಿವಾಲಯವನ್ನು ಬಸದಿಯೆನ್ನುವುದು ಇನ್ನೊಂದು ನೋಟವಲ್ಲ, ತಪ್ಪು ಗುರುತು. ಗಾಣಗಿತ್ತಿ ಎಂಬುದು ತಪ್ಪು ಗುರುತಲ್ಲ, ಒಂದು ಕಾಲದ ಬಳಕೆ. ಈ ಎರಡನ್ನೂ ಬೇರ್ಪಡಿಸಿ ನೋಡುವುದು ಇತಿಹಾಸ ಓದುವವರ ಹೊಣೆ.

ಅರಮನೆಯ ಆವರಣದ ಹತ್ತಿರ ಇನ್ನೊಂದು ಬಸದಿಯ ಅವಶೇಷವಿದೆ. ಅದು ಎರಡನೆಯ ದೇವರಾಯನು 1426ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಚೈತ್ಯಾಲಯ. ಸಂಸ್ಕೃತ ಶಾಸನವು ಅದರ ನೆಲೆಯನ್ನು ಅಡಕೆ ಮತ್ತು ವೀಳ್ಯದೆಲೆ ಮಾರುವ ಅಂಗಡಿಬೀದಿ ಎಂದು ಗುರುತಿಸುತ್ತದೆ. ಇಂದಿಗೂ ಆ ಬೀದಿಯನ್ನು ಪಾನ್ ಸುಪಾರಿ ಬಜಾರ್ ಎನ್ನುತ್ತಾರೆ. ಚಕ್ರವರ್ತಿಯೊಬ್ಬನು ಜಿನಾಲಯ ಕಟ್ಟಿಸಲು ಎಲೆಯಡಕೆಯ ಬೀದಿಯನ್ನು ಆರಿಸಿಕೊಂಡನು. ಅದನ್ನು ಹೇಳಿಕೊಳ್ಳಲು ಶಾಸನಕವಿಗೂ ಸಂಕೋಚವಾಗಲಿಲ್ಲ. ಅದೇ ದೇವರಾಯನ ಕಾಲದಲ್ಲಿ, 1443ರಲ್ಲಿ, ಇಲ್ಲಿಗೆ ಬಂದ ಪಾರಸಿ ರಾಯಭಾರಿ ಅಬ್ದುಲ್ ರಜಾಕ್ ಕೂಡ ಅರಮನೆಯ ಬಳಿಯ ಬಜಾರುಗಳನ್ನೂ ಹೂ ಮಾರುವವರನ್ನೂ ಬೆರಗಿನಿಂದ ವರ್ಣಿಸುತ್ತಾನೆ. ಅಂದಿನವರ ಕಣ್ಣಿಗೆ ಅಂಗಡಿ ಗುಡಿಗೆ ಮೈಲಿಗೆಯಾಗಿರಲಿಲ್ಲ. ಗುಡಿಯಿದ್ದ ಬೀದಿಯ ಜೀವವೇ ಅಂಗಡಿಯಾಗಿತ್ತು. ಈ ಶಾಸನದ ಮಾತನ್ನು ವಿರೂಪಾಕ್ಷ ಬಜಾರಿನ ಖಾಲಿ ಮಂಟಪಗಳ ಪಕ್ಕದಲ್ಲಿಟ್ಟು ಓದಿದರೆ, ಕಂಬವನ್ನು ಉಳಿಸಬೇಕೋ ಜನರನ್ನು ಉಳಿಸಬೇಕೋ ಎಂದು ಎರಡರಲ್ಲಿ ಒಂದನ್ನು ಆರಿಸುವ ಪ್ರಶ್ನೆಯೇ ವಿಜಯನಗರಕ್ಕೆ ಪರಕೀಯವಾದುದೆಂದು ತೋರುತ್ತದೆ.

ಎರಡನೆಯ ದಿನ ಅವರು ಹೊಸಪೇಟೆಯಿಂದ ದಕ್ಷಿಣಕ್ಕೆ, ತಾಯಿಯ ತವರಾದ ಸಂಡೂರಿಗೆ ಹೋದರು. ಘೋರ್ಪಡೆ ಅರಸರ ಪುಟ್ಟ ಸಂಸ್ಥಾನವಾಗಿದ್ದ ಸಂಡೂರು 1949ರವರೆಗೆ ಪ್ರತ್ಯೇಕವಾಗಿ ಉಳಿದಿತ್ತು. 1934ರಲ್ಲಿ ಗಾಂಧೀಜಿ ಇಲ್ಲಿಗೆ ಬಂದಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಸಂಡೂರಿನ ಗುಡ್ಡಗಳ ಹಸಿರು ಹೇಗಿರುತ್ತದೆಂಬುದನ್ನು ಕಂಡವರೇ ಬಲ್ಲರು. ತವರಿನ ಕಟ್ಟೆಯ ಮೇಲೆ ಕುಳಿತು ತಾಯಿ ಬೆರಳು ಮಾಡಿ ತೋರಿಸುತ್ತಿದ್ದ ಗುಡ್ಡದ ಸಾಲು ಅವರಿಗೆ ಕಣ್ಣಿಗೆ ಕಟ್ಟಿದಂತಿತ್ತು. ಕುಮಾರಸ್ವಾಮಿ ಬೆಟ್ಟದ ಪ್ರಾಚೀನ ಪಾರ್ವತಿ ಗುಡಿಯೂ ಕುಮಾರಸ್ವಾಮಿಯ ಗುಡಿಯೂ ಈಗಲೂ ಇವೆ. ಆದರೆ ಸುತ್ತಲ ಗುಡ್ಡಗಳಲ್ಲಿ ಕೆಲವು ಮೊದಲಿನ ಆಕಾರದಲ್ಲಿ ಇಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಕಬ್ಬಿಣದ ಅದಿರಿನ ಬೇಡಿಕೆ ಏರಿದಾಗ ಅವುಗಳ ನೆತ್ತಿಯನ್ನೇ ಕಡಿದು ಸಾಗಿಸಲಾಯಿತು. 2011ರ ಜುಲೈಯಲ್ಲಿ, ಅಂದರೆ ಹಂಪೆಯ ಬಜಾರು ಖಾಲಿಯಾದ ತಿಂಗಳಲ್ಲಿಯೇ, ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. 2013ರಲ್ಲಿ ತೀವ್ರ ಅಕ್ರಮ ಕಂಡುಬಂದ ಗುತ್ತಿಗೆಗಳನ್ನು ರದ್ದುಗೊಳಿಸಿ, ಉಳಿದವುಗಳಿಗೆ ಷರತ್ತುಗಳೊಡನೆ ಅವಕಾಶ ನೀಡಿತು. ಅದಿರಿನ ಲಾರಿಗಳು ಈಗಲೂ ಓಡಾಡುತ್ತವೆ. ರಸ್ತೆ ಬದಿಯ ಎಲೆಗಳ ಮೇಲೆ ಕೆಂಪು ಧೂಳು ಕೂತಿರುತ್ತದೆ.

ತಾಯಿ ತೋರಿಸುತ್ತಿದ್ದ ಸಾಲನ್ನು ಅವರು ಮಗಳಿಗೆ ತೋರಿಸಲು ನೋಡಿದರು. ಆಕಾಶದ ಅಂಚಿನಲ್ಲಿ ಆ ಗೆರೆ ಸಿಗಲಿಲ್ಲ. ಹಂಪೆಗೂ ಸಂಡೂರಿಗೂ ಇರುವ ವ್ಯತ್ಯಾಸ ಅಲ್ಲಿ ಸ್ಪಷ್ಟವಾಯಿತು. ಹಂಪೆಯಲ್ಲಿ ನೆನಪು ತಪ್ಪಿದರೆ ತಿದ್ದಲು ಕಲ್ಲು ಇದೆ. ಶಾಸನವುಂಟು, ಹಳೆಯ ಛಾಯಾಚಿತ್ರವುಂಟು. ಗುಡ್ಡಕ್ಕೆ ಶಾಸನವಿಲ್ಲ, ಗುಡ್ಡದ ಸಾಕ್ಷಿ ಗುಡ್ಡವೇ. ಅದು ಹೋದ ಮೇಲೆ ತಾಯಿಯ ಬೆರಳು ತೋರಿಸಿದ್ದು ಏನನ್ನು ಎಂದು ಹೇಳಲು ಬೇರೆ ಯಾರಿದ್ದಾರೆ? ಮನುಷ್ಯರು ಕಟ್ಟಿದ್ದನ್ನು ಬೆರಳು ತಾಗದಂತೆ ಕಾಯುವ ಕಾಲದಲ್ಲಿ, ಅವರು ಕಟ್ಟಲಾರದ್ದನ್ನು ಟನ್ನುಗಳ ಲೆಕ್ಕದಲ್ಲಿ ತೂಗಿ ಕಳುಹಿಸಿದ್ದಾಗಿದೆ.

ಅಂದು ಸಂಜೆ ಕಂಪ್ಲಿ. ಅತ್ತೆಗೆ ಎಂಬತ್ತು ದಾಟಿದೆ. ನಡೆಯುವುದು ಕಷ್ಟ, ಕಿವಿ ಚುರುಕು. ಸೂರ್ಯ ಮುಳುಗುವ ಮುನ್ನ ಊಟ ಮುಗಿಸುವ ನಿಯಮವನ್ನು ಬಿಟ್ಟಿಲ್ಲ. ಬಡಿಸುತ್ತಲೇ ಕೇಳಿದರು: ‘ಹೇಮಕೂಟದ ಬಸದಿಗೆ ಕೈ ಮುಗಿದು ಬಂದೇನಪ್ಪಾ? ನಿಮ್ಮ ತಾತ ಒಂದು ಸಲಾನೂ ತಪ್ಪಿಸ್ತಿರಲಿಲ್ಲ.’

ಹೌದೆಂದು ಹೇಳಿ ಮುಗಿಸಬಹುದಿತ್ತು. ಅವರು ಊಟ ಮುಗಿಯುವವರೆಗೆ ಸುಮ್ಮನಿದ್ದು, ಆಮೇಲೆ ಕಂಪಿಲದೇವನ ಶಾಸನವನ್ನು ಹೇಳಿದರು. ಮೂರು ಲಿಂಗಗಳ ವಿಷಯವನ್ನೂ ಹೇಳಿದರು. ಮಗಳು ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು. ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ.

‘ಹಂಗಾರ ನಮ್ಮಪ್ಪ ಅಷ್ಟು ವರ್ಷ ಕೈ ಮುಗಿದದ್ದು ಶಿವನಿಗೇನು?’

‘ಗುಡಿ ಶಿವಂದು ಅತ್ತೆ. ತಾತ ಹೇಳಿದ ಮಂತ್ರ ನಮ್ಮದು.’

ಅತ್ತೆ ಅದಕ್ಕೆ ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ‘ಕಂಪ್ಲಿ ರಾಜ ಅಪ್ಪ ಅವ್ವನ ನೆನಪಿಗೆ ಕಟ್ಟಿಸಿದ್ದು ಅಂದಿ. ಹಂಗಾದ್ರ ಕೈ ಮುಗಿದದ್ದೇನೂ ಕೆಟ್ಟದ್ದಾಗಲಿಲ್ಲ ಬಿಡು’ ಎಂದರು. ಸ್ವಲ್ಪ ತಡೆದು, ‘ಮತ್ತ ನಮ್ಮದು ಎಲ್ಲೈತಿ?’ ಎಂದು ಕೇಳಿದರು.

ಗಾಣಗಿತ್ತಿ ಗುಡಿ ಎಂದಾಗ ಅವರಿಗೆ ನಂಬಿಕೆ ಬರಲಿಲ್ಲ. ಮದುವೆಯ ದಿಬ್ಬಣದಿಂದ ಹಿಡಿದು ಆಸ್ಪತ್ರೆಯ ತಿರುಗಾಟದವರೆಗೆ ಅರವತ್ತು ವರ್ಷ ಆ ಗುಡಿಯ ಮುಂದೆ ಹಾದುಹೋದವರು ಅವರು. ಕುಂಥುನಾಥರು ಹದಿನೇಳನೆಯ ತೀರ್ಥಂಕರರು, ಲಾಂಛನ ಆಡು ಎಂಬುದನ್ನು ಯಾರೂ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಇಪ್ಪತ್ನಾಲ್ವರ ಹೆಸರುಗಳನ್ನೂ ಲಾಂಛನಗಳನ್ನೂ ಅವರು ದಿನವೂ ಹೇಳಿಕೊಳ್ಳುತ್ತಿದ್ದರು. ಅವರಿಗೆ ತಿಳಿಯದೆ ಉಳಿದದ್ದು ಆ ಹೆಸರಿಗೂ ಈ ಕಲ್ಲಿಗೂ ಇರುವ ನಂಟು ಮಾತ್ರ. ‘ನಾಳೆ ಹೋಗಾಗ ನನ್ನನ್ನೂ ಕರಕೊಂಡು ಹೋಗು. ಇಳಿಯಾಕ ಆಗೂದಿಲ್ಲ, ಕಾರಿನಾಗ ಕೂತು ನೋಡ್ತೀನಿ’ ಎಂದರು.

ಮರುದಿನ ಬೆಳಿಗ್ಗೆ ಕಾರು ಗುಡಿಯ ಎದುರಿಗೆ ನಿಂತಿತು. ಅತ್ತೆ ಕಿಟಕಿಯ ಗಾಜು ಇಳಿಸಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಂಬವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಒಳಗೆ ಮೂರ್ತಿ ಇದೆಯೇ ಎಂದು ಕೇಳಿದರು. ಇಲ್ಲವೆಂದರು ಸೋದರಳಿಯ. ಕಂಬದ ಮೇಲೆ ದೀಪ ಹಚ್ಚುವವರಿದ್ದಾರೆಯೇ ಎಂದರು. ಸಂರಕ್ಷಿತ ಸ್ಮಾರಕ, ಪೂಜೆ ಇಲ್ಲ ಎಂದು ಮಗಳು ಫಲಕವನ್ನು ಓದಿ ಹೇಳಿದಳು. ಆ ಹೊತ್ತಿಗೆ ಕುರಿಗಾಹಿ ಹುಡುಗನೊಬ್ಬ ರಸ್ತೆ ದಾಟಿಸಿ ತಂದ ಆಡುಗಳು ಗುಡಿಯ ಪಕ್ಕದ ಪೊದೆಗಳಿಗೆ ಬಾಯಿ ಹಾಕಿದವು. ಒಂದೆರಡು ಮುಂಗಾಲು ಎತ್ತಿ ಬೇಲಿಗೆ ಒರಗಿ ನಿಂತವು. ಅತ್ತೆಯ ಮುಖದಲ್ಲಿ ಮೊದಲ ಬಾರಿಗೆ ನಗು ಕಾಣಿಸಿತು.

‘ಒಳಗ ಸ್ವಾಮಿ ಇಲ್ಲ ಅಂತೀರಿ, ಲಾಂಛನ ಹೊರಗ ಮೇಯಾಕ ಹತ್ಯಾವ ನೋಡ್ರಿ’ ಎಂದು ಕೈ ಮುಗಿದರು.